ಹದಿನೇಳನೇ ಅಕ್ಷರ

ಕಂಪ್ಯೂಟರಿನೊಳಗೆ ಓಡುವ ಪ್ರೋಗ್ರಾಮುಗಳು ಸಾಮಾನ್ಯವಾಗಿ ಒಂದರ ಮುಖ ಒಂದು ನೋಡುವುದಿಲ್ಲ. ಒಂದು ರಾತ್ರಿ ಹತ್ತಕ್ಕೆ ಎದ್ದು ತನ್ನ ಪಾಲಿನ ಕೆಲಸ ಮುಗಿಸಿ ಹೋಗಿರುತ್ತದೆ. ಇನ್ನೊಂದು ಹನ್ನೆರಡಕ್ಕೆ ಏಳುತ್ತದೆ. ಮೊದಲನೆಯದು ಎರಡನೆಯದಕ್ಕೆ ಏನಾದರೂ ತಿಳಿಸಬೇಕಿದ್ದರೆ ಎಲ್ಲಾದರೂ ಇಟ್ಟು ಹೋಗಬೇಕು. ನಮ್ಮಜ್ಜಿಯ ಮನೆಯಲ್ಲಿ ಬಾಗಿಲ ಪಕ್ಕದ ಗೋಡೆಯಲ್ಲೊಂದು ಗೂಡಿತ್ತು. ಮೋಟರ್ ಮನೆಯ ಬೀಗದ ಕೈ, ಹಾಲಿನ ಲೆಕ್ಕದ ಚೀಟಿ, ಬಸ್ಸಿಗೆಂದು ತೆಗೆದಿಟ್ಟ ಚಿಲ್ಲರೆ ಎಲ್ಲ ಅಲ್ಲೇ. ಬೀಗದ ಕೈ ಗೂಡಿನಲ್ಲಿದ್ದರೆ ಮಾವ ತೋಟದಿಂದ ಬಂದಾಯಿತು ಎಂದರ್ಥ. ಇಲ್ಲದಿದ್ದರೆ ಇನ್ನೂ ನೀರು ಬಿಡುತ್ತಿದ್ದಾನೆ. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಐಬಿಎಂ ಕಂಪನಿಯ ಎಎಸ್/400 ಎಂಬ ಕಂಪ್ಯೂಟರಿನಲ್ಲಿ ಇಂಥ ಗೂಡಿಗೆ ‘ಡೇಟಾ ಏರಿಯಾ’ ಎನ್ನುತ್ತಾರೆ.

ಬಿ.ಎಸ್ಸಿ. ಮುಗಿಸಿದ ಮೇಲೆ ಮೂರು ವರ್ಷ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಈ ಯಂತ್ರದ ಮೇಲೆ ಕೆಲಸ ಮಾಡಿದೆ. ಆಮೇಲೆ ಬಿಟ್ಟು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಈಗ ಪಿಎಚ್.ಡಿ. ಹೊಸ ಸಾಫ್ಟ್‌ವೇರ್ ಕಟ್ಟುವವರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ; ಹಳೆಯದನ್ನು ಬೀಳದಂತೆ ಹಿಡಿದುಕೊಂಡು ಕೂತವರ ಬಗ್ಗೆ ನಾನು ಬರೆಯುತ್ತಿದ್ದೇನೆ. ಡೇಟಾ ಏರಿಯಾದ ಮೇಲೆ ಒಂದು ಅಧ್ಯಾಯವನ್ನೇ ಇಡುತ್ತೇನೆ ಎಂದಾಗ ನನ್ನ ಮಾರ್ಗದರ್ಶಕಿ ಕನ್ನಡಕ ತೆಗೆದಿಟ್ಟು, “ಇದರಲ್ಲಿ ಸಮಾಜ ಎಲ್ಲಿದೆಯಮ್ಮಾ?” ಅಂದರು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಹೇಳುತ್ತೇನೆ.

ಎಎಸ್/400 ಮಾರುಕಟ್ಟೆಗೆ ಪ್ರಕಟವಾದದ್ದು 1988ರ ಜೂನ್‌ನಲ್ಲಿ. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ಅದರ ತವರು. ಅದಕ್ಕೂ ಹತ್ತು ವರ್ಷ ಮುಂಚೆ, 1978ರಲ್ಲಿ, ಅದೇ ಊರಿನಿಂದ ಬಂದ ಸಿಸ್ಟಮ್/38 ಅದರ ಹಿರಿಯಣ್ಣ. ಮೇನ್‌ಫ್ರೇಮಿನಷ್ಟು ದೊಡ್ಡದಲ್ಲ, ಮೇಜಿನ ಮೇಲಿನ ಪಿಸಿಯಷ್ಟು ಚಿಕ್ಕದೂ ಅಲ್ಲ, ಅದಕ್ಕೇ ಮಿಡ್‌ರೇಂಜ್. ಹೆಸರು ಹಲವು ಸಲ ಬದಲಾಯಿತು. ಅದರ ಆಪರೇಟಿಂಗ್ ಸಿಸ್ಟಮ್ಮನ್ನು 2008ರಿಂದ ‘ಐಬಿಎಂ ಐ’ ಎನ್ನುತ್ತಾರೆ. ಆದರೆ ಕೆಲಸ ಮಾಡುವವರ ಬಾಯಲ್ಲಿ ಅದು ಇವತ್ತಿಗೂ ಎಎಸ್/400, ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರೂ ನಾವೆಲ್ಲ ಮೆಜೆಸ್ಟಿಕ್ ಅನ್ನುವ ಹಾಗೆ.

ಫ್ರಾಂಕ್ ಸೋಲ್ಟಿಸ್ ಮತ್ತು ಸಂಗಡಿಗರು ಈ ಯಂತ್ರಗಳಲ್ಲಿ ತಂದ ಒಂದು ವಿಚಾರ ನನಗೆ ಈಗಲೂ ಸೋಜಿಗ. ನಮ್ಮ ಲ್ಯಾಪ್‌ಟಾಪಿನಲ್ಲಿ ಮೆಮೊರಿ ಬೇರೆ, ಡಿಸ್ಕ್ ಬೇರೆ. ಅಲ್ಲಿಂದ ಇಲ್ಲಿಗೆ ತರುವುದು, ಇಲ್ಲಿಂದ ಅಲ್ಲಿಗೆ ಇಡುವುದು ಪ್ರೋಗ್ರಾಮ್ ಬರೆಯುವವರ ತಲೆನೋವು. ಅಲ್ಲಿ ಎರಡಕ್ಕೂ ಸೇರಿ ಒಂದೇ ವಿಳಾಸದ ಬಯಲು. ಒಂದು ವಸ್ತು ಈ ಗಳಿಗೆಯಲ್ಲಿ ಡಿಸ್ಕಿನಲ್ಲಿದೆಯೋ ಮೆಮೊರಿಯಲ್ಲಿದೆಯೋ ನೀವು ಕೇಳುವ ಹಾಗೇ ಇಲ್ಲ. ಹೆಸರು ಗೊತ್ತಿದ್ದರೆ ಸಾಕು. ಇಲ್ಲಿರುವುದೆಲ್ಲವೂ ‘ಆಬ್ಜೆಕ್ಟ್’. ಪ್ರೋಗ್ರಾಮೂ ಆಬ್ಜೆಕ್ಟ್, ಫೈಲೂ ಆಬ್ಜೆಕ್ಟ್, ಗೂಡೂ ಆಬ್ಜೆಕ್ಟ್. ಪ್ರತಿಯೊಂದಕ್ಕೂ ಹತ್ತು ಅಕ್ಷರ ಮೀರದ ಹೆಸರು, ಐವತ್ತು ಅಕ್ಷರ ಮೀರದ ಒಂದು ವಿವರಣೆ, ಮತ್ತು ಒಬ್ಬ ಮಾಲೀಕ. ಮಾಲೀಕನ ವಿಷಯಕ್ಕೆ ಮತ್ತೆ ಬರುತ್ತೇನೆ.

ಹಂಚಿಕೊಳ್ಳುವ ಜಾಗಗಳಲ್ಲಿ ಮೂರು ಮುಖ್ಯ. ‘ಡೇಟಾ ಕ್ಯೂ’ ಸರತಿಯ ಸಾಲು: ಒಂದು ಪ್ರೋಗ್ರಾಮ್ ಸಂದೇಶ ಹಾಕುತ್ತದೆ, ಇನ್ನೊಂದು ಎತ್ತಿಕೊಳ್ಳುತ್ತದೆ, ಎತ್ತಿಕೊಂಡದ್ದು ಸಾಲಿನಿಂದ ಮಾಯ. ‘ಯೂಸರ್ ಸ್ಪೇಸ್’ ಬಯಲು: ಹದಿನಾರು ಎಂಬಿಯವರೆಗಿನ ಖಾಲಿ ಜಾಗ, ಅದರಲ್ಲಿ ಏನನ್ನು ಹೇಗೆ ಹರಡಿಕೊಳ್ಳುತ್ತೀರೋ ನಿಮ್ಮಿಷ್ಟ. ‘ಈ ಲೈಬ್ರರಿಯಲ್ಲಿ ಏನೇನಿದೆ ಪಟ್ಟಿ ಕೊಡು’ ಎಂದು ಯಂತ್ರವನ್ನೇ ಕೇಳಿದರೆ ಅದು ಪಟ್ಟಿಯನ್ನು ತಂದು ಸುರಿಯುವುದೂ ಇಂಥ ಬಯಲಿಗೇ. ಮೊದಲ ಭಾಗದಲ್ಲಿ ಪಟ್ಟಿ ಎಲ್ಲಿಂದ ಶುರು, ಎಷ್ಟು ಸಾಲು, ಒಂದೊಂದು ಸಾಲು ಎಷ್ಟುದ್ದ ಎಂದು ಬರೆದಿರುತ್ತದೆ. ಅದನ್ನೋದಿ ನಾವು ಹೆಜ್ಜೆ ಎಣಿಸುತ್ತ ಹೋಗಬೇಕು. ಬಯಲಿನ ವಿಳಾಸ, ಅಂದರೆ ಪಾಯಿಂಟರ್, ಒಮ್ಮೆ ಕೈಗೆ ಸಿಕ್ಕಿತೋ, ಆ ಪ್ರೋಗ್ರಾಮಿಗೆ ಅದು ತನ್ನ ಸ್ವಂತ ಮನೆಯಷ್ಟೇ ಹತ್ತಿರ. ಇಬ್ಬರು ಒಂದೇ ಜಾಗದಲ್ಲಿ ಒಟ್ಟಿಗೆ ಬರೆದರೆ ಯಂತ್ರ ಅಡ್ಡ ಬರುವುದಿಲ್ಲ. ಬಳಸುವವರೇ ಕಟ್ಟುಪಾಡು ಮಾಡಿಕೊಳ್ಳಬೇಕು.

ಇವೆರಡಕ್ಕಿಂತ ಚಿಕ್ಕದು, ಬಡದು, ಆದರೆ ಎಲ್ಲೆಲ್ಲೂ ಇರುವುದು ಡೇಟಾ ಏರಿಯಾ. ಹೆಚ್ಚೆಂದರೆ 2000 ಅಕ್ಷರ. ಮುಂದಿನ ಬಿಲ್ಲಿನ ನಂಬರ್ ಎಷ್ಟು, ಹಿಂದಿನ ಸಲ ಲೆಕ್ಕ ಮುಗಿದ ದಿನಾಂಕ ಯಾವುದು, ಇವತ್ತು ರಾತ್ರಿಯ ಕೆಲಸ ಓಡಬೇಕೋ ಬೇಡವೋ, ಇಂಥದ್ದು. ಪ್ರತಿಯೊಂದು ಕೆಲಸಕ್ಕೂ ಯಂತ್ರವೇ 1024 ಅಕ್ಷರದ ಒಂದು ಖಾಸಗಿ ಗೂಡನ್ನೂ ಕೊಡುತ್ತದೆ. ಕೆಲಸ ಮುಗಿದರೆ ಅದೂ ಹೋಯಿತು. ಹಂಚಿಕೊಳ್ಳುವ ಗೂಡು ಹಾಗಲ್ಲ. ಅದು ಉಳಿಯುತ್ತದೆ. 1995ರಲ್ಲಿ ಐಬಿಎಂ ಯಂತ್ರದ ಪ್ರೊಸೆಸರನ್ನೇ ಬದಲಿಸಿ 48 ಬಿಟ್ಟಿನಿಂದ 64 ಬಿಟ್ಟಿಗೆ ಹೋದಾಗಲೂ ಹಳೆಯ ಪ್ರೋಗ್ರಾಮುಗಳನ್ನು ಜನ ಹೊಸದಾಗಿ ಬರೆಯಬೇಕಾಗಲಿಲ್ಲ. ಹಾಗಾಗಿ ಎಂಬತ್ತರ ದಶಕದಲ್ಲಿ ಯಾರೋ ಕೊರೆದ ಗೂಡಿಗೆ ಇವತ್ತಿನ ಪ್ರೋಗ್ರಾಮ್ ಕೈ ಹಾಕುವುದು ಈ ಲೋಕದಲ್ಲಿ ಮಾಮೂಲು.

ಬಿಲ್ಲಿನ ನಂಬರಿನಂಥದ್ದಕ್ಕೆ ಬೀಗ ಬೇಕು. ಗೂಡಿನಲ್ಲಿ 500 ಇದೆ ಎನ್ನಿ. ಇಬ್ಬರೂ ಒಟ್ಟಿಗೆ ಓದಿ, ಇಬ್ಬರೂ ಒಂದು ಕೂಡಿಸಿ, ಇಬ್ಬರೂ 501 ಎಂದು ಬರೆದರೆ ಒಂದೇ ನಂಬರಿನ ಎರಡು ಬಿಲ್ಲು. ಆದ್ದರಿಂದ ಓದುವಾಗಲೇ ಬೀಗ ಹಾಕಿ, ಹೊಸದನ್ನು ಬರೆದು, ಬೀಗ ತೆಗೆಯುವುದು ಪದ್ಧತಿ. ಯಾರು ಬೀಗ ಹಿಡಿದುಕೊಂಡು ಕೂತಿದ್ದಾರೆ ಎಂದು ನೋಡಲು ಒಂದು ಆಜ್ಞೆಯಿದೆ, ಹೆಸರು ಸಮೇತ ತೋರಿಸುತ್ತದೆ. ಯಂತ್ರಕ್ಕೆ ಗೊತ್ತಿರುವುದು ಇಷ್ಟು: ಎಲ್ಲಿದೆ, ಯಾರದು, ಯಾರು ಹಿಡಿದಿದ್ದಾರೆ. ಒಳಗಿರುವ ಅಕ್ಷರದ ಅರ್ಥವೇನು ಎಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ನಮ್ಮ ತಂಡ ನೋಡಿಕೊಳ್ಳುತ್ತಿದ್ದದ್ದು ಅಮೆರಿಕದ ಒಂದು ವಿಮಾ ಕಂಪನಿಯ ವ್ಯವಸ್ಥೆ. ಅವರ ರಾತ್ರಿ ಕೆಲಸ ನಮಗೆ ಬೆಳಗಿನ ಪಾಳಿ. ಐದಕ್ಕೆ ಕ್ಯಾಬ್ ಬರುತ್ತಿತ್ತು. ಆ ರಾತ್ರಿ ಕೆಲಸದ ನಾಲ್ವತ್ತಕ್ಕೂ ಹೆಚ್ಚು ಪ್ರೋಗ್ರಾಮುಗಳು ಹಂಚಿಕೊಳ್ಳುತ್ತಿದ್ದ ಗೂಡು ಒಂದೇ. ಪೂರಾ 2000 ಅಕ್ಷರ. ವಿವರಣೆಯ ಜಾಗದಲ್ಲಿ ‘ರಾತ್ರಿ ನಿಯಂತ್ರಣ, ಮುಟ್ಟಬೇಡಿ’ ಎಂಬರ್ಥದ ಇಂಗ್ಲಿಷ್. ತೆರೆದು ನೋಡಿದರೆ ಹಸಿರು ಪರದೆಯ ಮೇಲೆ ಅಂಕಿ, ಅಕ್ಷರ, ಖಾಲಿ ಜಾಗಗಳ ಉದ್ದನೆಯ ಸಾಲುಗಳು, ಮಧ್ಯೆ ಒಂದು ಗೆರೆಯೂ ಇಲ್ಲ. ಎಷ್ಟನೆಯ ಅಕ್ಷರದಿಂದ ಎಷ್ಟನೆಯದರವರೆಗೆ ಏನು ಎಂಬುದು ಆ ಗೂಡಿನೊಳಗೆ ಎಲ್ಲೂ ಬರೆದಿಲ್ಲ.

ಬರೆದದ್ದು ಇದ್ದದ್ದು ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ. ಅದು ನಮ್ಮ ತಂಡದ ಹಿರಿಯರದು. ಅರಸೀಕೆರೆ ಕಡೆಯವರು. ಇಸವಿ 2000ದ ಗಾಬರಿಯಲ್ಲಿ ಬೆಂಗಳೂರಿನ ತುಂಬ ಹಳೆಯ ಪ್ರೋಗ್ರಾಮುಗಳ ದಿನಾಂಕ ತಿದ್ದುವ ಕೆಲಸ ಹುಟ್ಟಿಕೊಂಡಾಗ ಸೇರಿದವರು. ಗುತ್ತಿಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದಾಗ ಗುತ್ತಿಗೆಯ ಜೊತೆ ಅವರೂ ಹೋದರು. ನಾವೆಲ್ಲ ಅವರನ್ನು ಸರ್ ಅನ್ನುತ್ತಿದ್ದೆವು, ಮ್ಯಾನೇಜರನ್ನು ಮಾತ್ರ ಹೆಸರು ಹಿಡಿದು ಕರೆಯಬೇಕೆಂಬ ನಿಯಮವಿತ್ತು. ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಸಾಲು ಹೀಗಿತ್ತು: ‘1ರಿಂದ 7: ದಿನಾಂಕ. ಮೊದಲ ಅಂಕಿ ಶತಮಾನ.’ ಈ ಯಂತ್ರದಲ್ಲಿ ಹಾಗೊಂದು ಬಗೆಯಿದೆ, 1999ರ ಕೊನೆಯ ದಿನ 0991231, ಮಾರನೆಯ ದಿನ 1000101. ಸೊನ್ನೆ ಒಂದಾದ ಆ ರಾತ್ರಿ ಸರ್ ಆಫೀಸಿನಲ್ಲೇ ಮಲಗಿದ್ದರಂತೆ. ಏನೂ ಆಗಲಿಲ್ಲ, ಬೆಳಿಗ್ಗೆ ಎಲ್ಲರಿಗೂ ಮೈಸೂರುಪಾಕು ಹಂಚಿದರಂತೆ.

ಎಲ್ಲವೂ ಕನ್ನಡದಲ್ಲಿ. “ಇಂಗ್ಲಿಷಿನಲ್ಲಿ ಬರೆದ್ರೆ ಗ್ರಾಮರ್ ನೋಡ್ತಾ ಕೂರ್ತೀನಿ, ಕನ್ನಡದಲ್ಲಾದ್ರೆ ವಿಷಯ ನೋಡ್ತೀನಿ” ಅನ್ನುತ್ತಿದ್ದರು. ಹದಿನೇಳನೆಯ ಅಕ್ಷರದ ಎದುರು ಮೂರು ಸಾಲು. ‘ವೈ: ಎಲ್ಲ ಓಡಲಿ. ಎನ್: ಏನೂ ಬೇಡ. ಎಚ್: ಬಿರುಗಾಳಿ. ಮಿಕ್ಕಿದ್ದೆಲ್ಲ ಓಡಲಿ, ರದ್ದತಿ ಕಾಗದ ಮಾತ್ರ ಹೋಗಬಾರದು.’

2005ರಲ್ಲಿ ಕತ್ರೀನಾ ಚಂಡಮಾರುತ ಲೂಯಿಸಿಯಾನಾಕ್ಕೆ ಬಡಿದಾಗ, ಕಂತು ಕಟ್ಟಿಲ್ಲವೆಂದು ಜನರ ಪಾಲಿಸಿ ರದ್ದು ಮಾಡದಂತೆ ಅಲ್ಲಿನ ವಿಮಾ ಆಯುಕ್ತರು ಕೆಲಕಾಲ ತಡೆ ಹಾಕಿದ್ದರು. ಮನೆಯ ಮೇಲಿನ ಸೂರೇ ಹೋದವರು ಚೆಕ್ ಎಲ್ಲಿಂದ ಕಳಿಸಿಯಾರು, ಕಳಿಸಿದರೂ ಟಪಾಲು ಎಲ್ಲಿ? ಆಗ ಆ ಹೊಸ ಅಕ್ಷರವನ್ನು ಸೇರಿಸಿದವರು ಸರ್. ಅದಕ್ಕೆಂದು ಪ್ರತ್ಯೇಕ ಗೂಡು ಮಾಡಬಹುದಿತ್ತಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಹೊಸ ಆಬ್ಜೆಕ್ಟಿಗೆ ಅನುಮತಿ ಬರಲು ಮೂರು ವಾರ ಬೇಕಿತ್ತು, ಬಿರುಗಾಳಿ ಕಾಯುವುದಿಲ್ಲ ಎಂದಿದ್ದರು. ಆಮೇಲೆ ಯಾವ ರಾಜ್ಯದಲ್ಲಿ ಅಂಥ ಆದೇಶ ಬಂದರೂ ಅಮೆರಿಕದ ಕಚೇರಿಯಲ್ಲಿ ಯಾರೋ ಒಬ್ಬರು ಒಂದು ಪರದೆಗೆ ಹೋಗಿ ಆ ಅಕ್ಷರವನ್ನು ಎಚ್ ಮಾಡುತ್ತಿದ್ದರು.

ನಾನು ಸೇರಿದ ಎರಡನೇ ವರ್ಷ ಸರ್‌ ಅವರನ್ನು ಕಳಿಸಿದರು. ರಾಜೀನಾಮೆ ಎಂದೇ ಕಾಗದದಲ್ಲಿದೆ. ಅವರ ಸಂಬಳದಲ್ಲಿ ನನ್ನಂಥವರು ನಾಲ್ಕು ಜನ ಬರುತ್ತೇವೆ ಎಂಬ ಲೆಕ್ಕ ಕಾಗದದಲ್ಲಿಲ್ಲ. ಹೊರಡುವ ಮುನ್ನ ಮೂರು ವಾರ ‘ಕೆಟಿ’, ಅಂದರೆ ಅವರ ತಲೆಯಲ್ಲಿದ್ದದ್ದನ್ನು ನಮ್ಮ ತಲೆಗೆ ದಾಟಿಸುವ ಶಾಸ್ತ್ರ. ಒಂದು ಎಕ್ಸೆಲ್ ಹಾಳೆ ಕೊಟ್ಟಿದ್ದರು. ಒಂದು ಆಬ್ಜೆಕ್ಟಿಗೆ ಒಂದು ಸಾಲು: ಹೆಸರು, ಬಗೆ, ಉದ್ದ, ಉದ್ದೇಶ. ಸರ್ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟು, “ಇದನ್ನ ಯಾರಾದ್ರೂ ಕೂತು ಇಂಗ್ಲಿಷಿಗೆ ಇಳಿಸಿಕೊಳ್ಳಿ, ನಾನು ಹೇಳ್ತಾ ಹೋಗ್ತೀನಿ” ಎಂದರು. ಟೆಂಪ್ಲೇಟಿನಲ್ಲಿ ಅದಕ್ಕೆ ಕಾಲಮ್ ಇಲ್ಲ, ಹಾಳೆ ತುಂಬಿದರೆ ಸಾಕು ಎಂದರು ಮ್ಯಾನೇಜರ್. ಅವರು ತುಂಬಿದರು. ಆ ಗೂಡಿನ ಸಾಲಿನಲ್ಲಿ: ಡೇಟಾ ಏರಿಯಾ, 2000, ರಾತ್ರಿ ಕೆಲಸದ ನಿಯಂತ್ರಣ. ಒಂದು ಅಕ್ಷರವೂ ಸುಳ್ಳಲ್ಲ.

ಅವರು ಹೋದ ವಾರಕ್ಕೆ ಅವರ ಯೂಸರ್ ಐಡಿ ಅಳಿಸುವ ಟಿಕೆಟ್ ನನಗೆ ಬಂತು. ಈಗ ಮಾಲೀಕನ ವಿಷಯ. ಈ ಯಂತ್ರದಲ್ಲಿ ಒಬ್ಬರ ಹೆಸರಿನಲ್ಲಿ ಆಬ್ಜೆಕ್ಟುಗಳಿದ್ದರೆ, ನೀವು ಬೇರೆ ಏನೂ ಹೇಳದಿದ್ದಲ್ಲಿ, ಅಳಿಸುವ ಆಜ್ಞೆ ಆ ವ್ಯಕ್ತಿಯನ್ನು ಅಳಿಸುವುದಿಲ್ಲ. ಆಸ್ತಿಗೆ ವಾರಸುದಾರರನ್ನು ಹೇಳು, ಇಲ್ಲವೇ ಆಸ್ತಿಯನ್ನೂ ಅಳಿಸು, ಆಮೇಲೆ ಮಾತಾಡು ಎನ್ನುತ್ತದೆ. ಎಚ್‌ಆರ್‌ನವರಿಗೆ ಒಂದು ಸಹಿ ಸಾಕಾದ ಕೆಲಸಕ್ಕೆ ಯಂತ್ರ ಇಷ್ಟು ರಚ್ಚೆ ಹಿಡಿದದ್ದು ನೋಡಿ ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು. ಪಟ್ಟಿ ತೆಗೆದು, ಒಂದೊಂದಾಗಿ ಎಲ್ಲವನ್ನೂ ತಂಡದ ಸಾಮಾನ್ಯ ಐಡಿಗೆ ದಾಟಿಸಿದೆ. ಎರಡು ದಿನ ಹಿಡಿಯಿತು. ಮಾಲೀಕ ಬದಲಾದರೂ ಆಬ್ಜೆಕ್ಟಿನ ಪೂರ್ಣ ವಿವರ ತೆಗೆದರೆ ಅಲ್ಲೊಂದು ಸಾಲಿದೆ, ‘ಸೃಷ್ಟಿಸಿದ ಯೂಸರ್’ ಎಂದು. ಅದು ದಾಟಿಸುವುದರಿಂದ ಬದಲಾಗುವುದಿಲ್ಲ. ಹತ್ತು ಅಕ್ಷರದ ಮಿತಿಗೆ ಸರ್ ಹೆಸರು ಕೊನೆಯಲ್ಲಿ ಸ್ವಲ್ಪ ತುಂಡಾಗಿತ್ತು, ಅಷ್ಟೇ.

ಮುಂದಿನ ಸೆಪ್ಟೆಂಬರಿನ ಒಂದು ಬೆಳಿಗ್ಗೆ ರಾತ್ರಿ ಕೆಲಸ ಅರ್ಧಕ್ಕೆ ನಿಂತಿತು. ಸರ್ ಹೋದ ಮೇಲೆ ಬರೆಸಿದ ಹೊಸ ಪ್ರೋಗ್ರಾಮ್ ಒಂದಕ್ಕೆ ಹದಿನೇಳನೆಯ ಜಾಗದಲ್ಲಿ ವೈ ಇರಬೇಕು, ಇಲ್ಲವೇ ಎನ್. ಇದ್ದದ್ದು ಎಚ್. ಅದು ಕೈಚೆಲ್ಲಿ ಕೂತಿತು. ಪಾಳಿಯಲ್ಲಿದ್ದ ಹುಡುಗ ಸೇರಿ ಮೂರು ತಿಂಗಳಾಗಿತ್ತು. ಹಾಳೆ ನೋಡಿದ, ಅದರಲ್ಲಿ ಏನಿರುತ್ತದೆ? ಮ್ಯಾನೇಜರಿಗೆ ಫೋನ್ ಮಾಡಿದ. “ಏನೋ ಕಸ ಬಂದು ಕೂತಿದೆ, ವೈ ಹಾಕಿ ಓಡಿಸು” ಎಂಬ ಉತ್ತರ ಬಂತು. ಸರ್‌ಗೊಂದು ಫೋನ್ ಮಾಡೋಣ ಎಂದು ನಾನು ಹೇಳಿದೆ. ಅವರೀಗ ನೌಕರರಲ್ಲ, ಕ್ಲೈಂಟಿನ ವಿಷಯ ಹೊರಗಿನವರ ಹತ್ತಿರ ಮಾತಾಡುವ ಹಾಗಿಲ್ಲ ಎಂದರು. ಒಂದು ಆಜ್ಞೆ: ಗೂಡಿನ ಹೆಸರು, ಹದಿನೇಳನೆಯ ಜಾಗ, ಒಂದು ಅಕ್ಷರ, ಬೆಲೆ ವೈ. ಎಂಟರ್. ಕೆಲಸ ಮತ್ತೆ ಓಡತೊಡಗಿತು, ಎಲ್ಲರೂ ತಿಂಡಿಗೆ ಹೋದರು.

ನಾನು ಕ್ಯಾಂಟೀನಿನ ಮೆಟ್ಟಿಲ ಮೇಲೆ ನಿಂತು ನನ್ನ ಫೋನಿನಿಂದಲೇ ಕರೆದೆ. ಹಿಂದೆ ಮೋಟರಿನ ಸದ್ದು, ಸರ್ ತೋಟದಲ್ಲಿದ್ದರು. ನಾನು ಎಚ್ ಎಂದಷ್ಟೇ ಹೇಳಿದ್ದು. “ಕಾಗದ ಪ್ರಿಂಟಿಗೆ ಹೋಯ್ತೇನಮ್ಮಾ?” ಎಂದರು. ಹೋಗಿರಲಿಲ್ಲ, ಸಾವಿರಾರು ಕಾಗದ ಔಟ್‌ಪುಟ್ ಕ್ಯೂನಲ್ಲಿ ಸಿದ್ಧವಾಗಿ ಸರತಿ ನಿಂತಿದ್ದವು. ಪ್ರಿಂಟರಿಗೆ ಹೋಗುವ ಮುಂಚೆ ತಡೆಹಿಡಿಯುವುದು ಹೇಗೆ, ಯಾವ ಕ್ಯೂ, ಯಾವ ಹೆಸರಿನ ಫೈಲು, ಡೇಟಾಬೇಸಿನಲ್ಲಿ ರದ್ದು ಎಂದು ಬರೆದದ್ದನ್ನು ಜರ್ನಲ್ ಹಿಡಿದು ಹಿಂದಕ್ಕೆ ತರುವಾಗ ಯಾವುದು ಮೊದಲು, ಎಲ್ಲವನ್ನೂ ನಿಂತಲ್ಲೇ ಹೇಳಿದರು. ಮೋಟರ್ ಆಫ್ ಮಾಡಿ ಬಂದು ಇನ್ನೊಮ್ಮೆ ಹೇಳಿದರು. ಬಿರುಗಾಳಿಗೆ ಸಿಕ್ಕ ಯಾರ ಮನೆಗೂ ಆ ಕಾಗದ ಹೋಗಲಿಲ್ಲ. ದಾಖಲೆ ಸರಿಮಾಡಲು ಎರಡು ದಿನ ಬೇಕಾಯಿತು.

ವಾರದ ನಂತರ ಒಂದು ವರದಿ ಬಂತು. ಕಾರಣ ಎಂಬ ಜಾಗದಲ್ಲಿ: ‘ಹಿಂದಿನ ಡೆವಲಪರ್ ಸಮರ್ಪಕವಾಗಿ ದಾಖಲಿಸಿರಲಿಲ್ಲ.’

ಸಮಾಜ ಎಲ್ಲಿದೆ ಎಂಬ ಪ್ರಶ್ನೆಗೆ ನಾನು ಮೇಡಂಗೆ ತೋರಿಸಿದ್ದು ಈ ಸಾಲನ್ನು. ಹಂಚಿಕೊಂಡ ಜಾಗದಲ್ಲಿ ಇರುವುದು ಬರೀ ಅಕ್ಷರ, ಅದರ ಅರ್ಥವನ್ನು ಜನ ಹಂಚಿಕೊಂಡಿರಬೇಕು. ಜನರನ್ನು ಕಳಿಸಿದರೂ ಅಕ್ಷರ ಅಲ್ಲೇ ಇರುವುದರಿಂದ ಎಲ್ಲವೂ ನಮ್ಮ ಬಳಿಯೇ ಇದೆ ಎಂದು ಲೆಕ್ಕ ಬರೆಯುವವರಿಗೆ ಅನಿಸುತ್ತದೆ. ಮೇಡಂ ಒಪ್ಪಿದರು. ಒಪ್ಪಿ, ಒಂದು ಕೆಲಸ ಹಚ್ಚಿದರು. ಸಂಶೋಧನೆಯಲ್ಲಿ ಒಬ್ಬರ ಬದುಕನ್ನು ಬರೆದರೆ ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. “ಆ ವರದಿಯ ವಿಷಯ ಅವರಿಗೆ ಗೊತ್ತಾ?” ಎಂದರು.

ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಬೇರೆ ಯಾರು ಹೇಳಿಯಾರು? ಬಿಟ್ಟು ಬರೆದರೆ ಅಧ್ಯಾಯಕ್ಕೆ ಬೆನ್ನೆಲುಬಿಲ್ಲ. ಬರೆದರೆ, ತೋಟದಲ್ಲಿ ನಿಂತು ಎರಡೆರಡು ಸಲ ಹೇಳಿಕೊಟ್ಟ ಮನುಷ್ಯನಿಗೆ, ನೋಡಿ ಸರ್, ತಪ್ಪು ನಿಮ್ಮದೆಂದು ಬರೆದಿದ್ದಾರೆ ಎಂದು ನಾನೇ ಹೋಗಿ ಹೇಳಬೇಕು. ಎರಡು ತಿಂಗಳು ಮುಂದೂಡಿದೆ. ಇಂಥದ್ದಕ್ಕೆ ಸಂಶೋಧನಾ ವಿಧಾನದ ಪುಸ್ತಕಗಳಲ್ಲಿ ಒಂದು ಅಧ್ಯಾಯವಿರುತ್ತದೆ; ಓದಿದರೆ ಫಾರ್ಮು ತುಂಬುವುದು ಹೇಗೆ ಎಂದು ಮಾತ್ರ ತಿಳಿಯುತ್ತದೆ.

ಕಳೆದ ತಿಂಗಳು ಅರಸೀಕೆರೆಗೆ ರೈಲು ಹತ್ತಿದೆ. ಅವರ ಮನೆಯವರು ಮಜ್ಜಿಗೆ ಕೊಟ್ಟರು, ಊಟ ಮಾಡಿಯೇ ಹೋಗಬೇಕು ಎಂದರು. ಸರ್ ನೋಟ್‌ಬುಕ್ ತಂದರು, ಮೂಲೆಗಳು ಮುದುರಿವೆ, ರಟ್ಟಿಗೆ ಹೊಸ ಬೈಂಡ್ ಹಾಕಿಸಿದ್ದಾರೆ. ಯಾಕೆ ಹಾಕಿಸಿದಿರಿ ಎಂದು ಕೇಳಲು ಬಾಯಿ ಬರಲಿಲ್ಲ. ಕ್ಲೈಂಟಿನ ಹೆಸರು, ಫೈಲಿನ ಹೆಸರು ಯಾವುದೂ ಬರದಂತೆ ನೋಡಿಕೋ ಎಂದು ಹೇಳಿ ಕೊಟ್ಟರು. ನಾನು ಅಧ್ಯಾಯ ತೆಗೆದು ಓದುತ್ತ ಹೋದೆ. ಮೈಸೂರುಪಾಕು ಬಂದಾಗ ನಕ್ಕರು. ಅದು ಮೈಸೂರುಪಾಕಲ್ಲ, ಧಾರವಾಡ ಪೇಡ ಎಂದು ತಿದ್ದಿದರು. ಮೇಲೆ ನಾನು ಮೈಸೂರುಪಾಕು ಎಂದೇ ಬಿಟ್ಟಿದ್ದೇನೆ. ತಂಡದಲ್ಲಿ ಆ ಕಥೆ ಹಾಗೆಯೇ ಉಳಿದಿದೆ.

ವರದಿಯ ಸಾಲನ್ನೂ ಓದಿದೆ. ಅವರು ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದರು.

“ನನ್ನ ಹೆಸರಿತ್ತಾ ಅದರಲ್ಲಿ?”

“ಇಲ್ಲ ಸರ್. ‘ಹಿಂದಿನ ಡೆವಲಪರ್’ ಅಂತಷ್ಟೇ.”

“ಹೂಂ” ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಬರಿಯಮ್ಮಾ, ಅದನ್ನೂ ಬರಿ” ಎಂದರು. ನಾನು ಹಾಳೆ ಮಡಿಸುತ್ತಿದ್ದಾಗ ಏನೋ ನೆನಪಾದವರಂತೆ ಕೇಳಿದರು: “ಆ ಹೊಸ ಪ್ರೋಗ್ರಾಮಿಗೆ ಎಚ್ ಕಲಿಸಿದ್ರಾ ಆಮೇಲೆ?”

ಕಲಿಸಿದೆವು ಸರ್ ಎಂದೆ. ಆ ಹುಡುಗನೇ ಬರೆದ, ನಾನು ಪರೀಕ್ಷೆ ಮಾಡಿದೆ. ಸರಿ ಹಾಗಾದ್ರೆ ಎಂದು ಎದ್ದು, ಕರೆಂಟು ಹೋಗುವುದರೊಳಗೆ ಇನ್ನೊಂದು ಪಾತಿಗೆ ನೀರು ತಿರುಗಿಸಿ ಬರುತ್ತೇನೆಂದು ತೋಟದ ಕಡೆ ನಡೆದರು.